ಹಿಮದಂಗಳದಲ್ಲಿ ದಂಡನೀತಿ

ಬೀದಿಯಲ್ಲಿ ಒಬ್ಬನು ಮತ್ತೊಬ್ಬನ ಮುಖಕ್ಕೆ ಮುಷ್ಟಿಯಿಂದ ಗುದ್ದಿದರೆ ಅದು ಅಪರಾಧವೆನಿಸಿಕೊಳ್ಳುತ್ತದೆ. ದೂರು, ವಿಚಾರಣೆ, ಶಿಕ್ಷೆ ಒಂದರ ಹಿಂದೊಂದು ಬರುತ್ತವೆ. ಅದೇ ಗುದ್ದು ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯ ಅಂಗಳದಲ್ಲಿ ಬಿದ್ದರೆ, ಗುದ್ದಿದವನು ಐದು ನಿಮಿಷಗಳ ಕಾಲ ಒಂದು ಕಟಕಟೆಯಲ್ಲಿ ಕುಳಿತಿದ್ದು ಮತ್ತೆ ಆಟಕ್ಕೆ ಮರಳುತ್ತಾನೆ. ಪ್ರೇಕ್ಷಕರಲ್ಲಿ ಹಲವರು ಅವನಿಗಾಗಿ ಚಪ್ಪಾಳೆ ತಟ್ಟುವುದೂ ಉಂಟು. ಒಂದೇ ಕೃತ್ಯಕ್ಕೆ ಎರಡು ನ್ಯಾಯಗಳು ಹೇಗೆ ಸಾಧ್ಯವಾದುವು? ಅಂಗಳದ ನ್ಯಾಯವು ದುರ್ಬಲವಾದಾಗ ಅದರ ಸ್ಥಾನವನ್ನು ಏನು ಆಕ್ರಮಿಸುತ್ತದೆ? ಸುಮಾರು ಒಂದು ಶತಮಾನದ ಇತಿಹಾಸವುಳ್ಳ ಈ ಪ್ರಶ್ನೆಗಳು ಕ್ರೀಡೆಯಲ್ಲಿ ಆಸಕ್ತಿಯಿಲ್ಲದವರಿಗೂ ವಿಚಾರಯೋಗ್ಯವಾಗಿವೆ.

ಕನ್ನಡ ನಾಡಿನಲ್ಲಿ ಹಾಕಿಯೆಂದರೆ ಕೊಡಗಿನ ಮೈದಾನಗಳ ಆಟವೇ ಕಣ್ಣ ಮುಂದೆ ನಿಲ್ಲುತ್ತದೆ. ಐಸ್ ಹಾಕಿಯು ಅದರ ದಾಯಾದಿಯೇ ಆದರೂ ಸ್ವಭಾವದಲ್ಲಿ ಬಹು ಭಿನ್ನ. ಭಾರತದಲ್ಲಿ ಅದು ಮುಖ್ಯವಾಗಿ ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ನಡೆಯುತ್ತದೆ. ಅದರ ತವರು ಕೆನಡ ದೇಶ. 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಅದರ ಸುತ್ತಲೂ ಗಟ್ಟಿಯಾದ ಹಲಗೆಯ ಆವರಣ. ಪ್ರತಿ ಪಕ್ಷದಲ್ಲಿ ಗೋಲು ಕಾಯುವವನೂ ಸೇರಿ ಆರು ಜನ. ಚೆಂಡಿಗೆ ಬದಲಾಗಿ ಪಕ್ ಎಂಬ, ಮೂರು ಅಂಗುಲ ವ್ಯಾಸದ ಗಟ್ಟಿ ರಬ್ಬರಿನ ಬಿಲ್ಲೆ. ಕಾಲಿಗೆ ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ಕಟ್ಟಿಕೊಂಡು ಆಟಗಾರರು ಓಟಗಾರನನ್ನು ಮೀರಿಸುವ ವೇಗದಲ್ಲಿ ಜಾರುತ್ತಾರೆ. ಮೈಯಿಂದ ಮೈಗೆ ಡಿಕ್ಕಿ ಹೊಡೆದು ಎದುರಾಳಿಯಿಂದ ಪಕ್ಕನ್ನು ಬಿಡಿಸಿಕೊಳ್ಳುವುದು ಇಲ್ಲಿ ನಿಯಮಬದ್ಧವಾದ ಕೌಶಲ. ಮೈದಾನದ ಹಾಕಿಯಲ್ಲಿ ತಪ್ಪೆನಿಸುವ ಡಿಕ್ಕಿ ಇಲ್ಲಿ ಆಟದ ಅಂಗವೇ ಆಗಿದೆಯೆಂಬುದನ್ನು ನೆನಪಿನಲ್ಲಿಡದಿದ್ದರೆ ಮುಂದಿನ ವಿಚಾರಗಳು ಅರ್ಥವಾಗಲಾರವು. ಬಲಪ್ರಯೋಗಕ್ಕೆ ಅನುಮತಿಯುಳ್ಳ ಆಟದಲ್ಲಿ ಅನುಮತಿಯ ಎಲ್ಲೆ ಯಾವುದು ಎಂಬುದೇ ಇಲ್ಲಿನ ಕಷ್ಟ.

1917ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಸ್ಥಾಪಿತವಾದ ನ್ಯಾಷನಲ್ ಹಾಕಿ ಲೀಗ್ ಈ ಆಟದ ಅತ್ಯುನ್ನತ ವೃತ್ತಿಪರ ಸಂಸ್ಥೆ. ಅದರ ದಂಡವಿಧಾನಕ್ಕೆ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಅಂಗಳದಲ್ಲೇ ತೀರ್ಪುಗಾರರು ವಿಧಿಸುವ ದಂಡನೆ. ಕಾಲಿಗೆ ಕೋಲು ಸಿಲುಕಿಸಿ ಬೀಳಿಸುವಂಥ ಸಣ್ಣ ತಪ್ಪಿಗೆ ಎರಡು ನಿಮಿಷ, ದೊಡ್ಡದಕ್ಕೆ ಐದು ನಿಮಿಷ ಆಟಗಾರನು ಕಟಕಟೆಯಲ್ಲಿ ಕೂರಬೇಕು. ಸಾಮಾನ್ಯವಾಗಿ ಅಷ್ಟು ಹೊತ್ತು ಅವನ ತಂಡವು ಒಬ್ಬನ ಕೊರತೆಯಿಂದಲೇ ಆಡಬೇಕು. ಒಬ್ಬನ ತಪ್ಪಿಗೆ ಇಡೀ ತಂಡವು ಬೆಲೆ ತೆರುವ ಈ ಏರ್ಪಾಡು ಜಾಣತನದ್ದು. ಅತಿ ಘೋರವಾದ ತಪ್ಪಿಗೆ ಆ ಪಂದ್ಯದಿಂದಲೇ ಉಚ್ಚಾಟನೆಯುಂಟು. ಎರಡನೆಯ ಮೆಟ್ಟಿಲು ಲೀಗಿನ ಕಚೇರಿ. ಪಂದ್ಯ ಮುಗಿದ ಮೇಲೆ ಅದು ಕೃತ್ಯವನ್ನು ಪರಿಶೀಲಿಸಿ ದಂಡದ ಹಣವನ್ನು ಕೇಳಬಹುದು. ಇಂತಿಷ್ಟು ಪಂದ್ಯಗಳಿಗೆಂದು ಆಟಗಾರನನ್ನು ಹೊರಗಿಡಲೂಬಹುದು. ಹೊರಗಿಟ್ಟ ದಿನಗಳ ಸಂಬಳವೂ ಅವನಿಗೆ ದೊರೆಯುವುದಿಲ್ಲ. ಕಷ್ಟದಲ್ಲಿರುವ ಆಟಗಾರರ ನೆರವಿಗೆಂದಿರುವ ನಿಧಿಗೆ ಅದು ಸೇರುತ್ತದೆ.

ಇವೆರಡರ ನಡುವೆ, ಯಾವ ಪುಸ್ತಕದಲ್ಲಿಯೂ ಅಚ್ಚಾಗದ ಮೂರನೆಯದೊಂದು ಕಾನೂನಿದೆ. ಮುಷ್ಟಿಕಾಳಗವನ್ನು ಲೀಗ್ 1922ರಷ್ಟು ಹಿಂದೆಯೇ ನಿಯಮದೊಳಕ್ಕೆ ತಂದು, ಐದು ನಿಮಿಷದ ದಂಡನೆಯನ್ನು ಗೊತ್ತುಮಾಡಿತು. ನಿಷೇಧಿಸಲೂ ಇಲ್ಲ, ಒಪ್ಪಲೂ ಇಲ್ಲ. ಬೆಲೆ ಕಟ್ಟಿತು ಎನ್ನಬೇಕು. ಇದರಿಂದ ಒಂದು ಸಂಪ್ರದಾಯವೇ ಬೆಳೆಯಿತು. ತನ್ನ ತಂಡದ ಚತುರ ಆಟಗಾರನಿಗೆ ಯಾರಾದರೂ ಪೆಟ್ಟು ಕೊಟ್ಟರೆ, ಅವನ ಪರವಾಗಿ ಮತ್ತೊಬ್ಬನು ಹೋಗಿ ಕೈಗವಸು ಕಳಚಿ ಕಾದಾಡಿ ಲೆಕ್ಕ ತೀರಿಸಬೇಕು. ಈ ಕೆಲಸಕ್ಕೆಂದೇ ದಾಂಡಿಗರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವುದೂ ರೂಢಿಯಾಯಿತು. ಇದು ಆಟಗಾರರನ್ನು ರಕ್ಷಿಸುತ್ತದೆಂದು, ತೀರ್ಪುಗಾರನಿಗಿಂತ ದಾಂಡಿಗನ ಭಯವೇ ಹೆಚ್ಚು ಪರಿಣಾಮಕಾರಿಯೆಂದು ವಾದಿಸುವವರು ಇಂದಿಗೂ ಇದ್ದಾರೆ. ಆ ವಾದದ ಸತ್ಯಾಸತ್ಯತೆಯನ್ನು ನಡೆದ ಘಟನೆಗಳಿಂದಲೇ ಅಳೆಯುವುದು ಲೇಸು.

1933ರ ಡಿಸೆಂಬರ್ 12ರಂದು ಬಾಸ್ಟನ್ ನಗರದಲ್ಲಿ ಎಡ್ಡಿ ಶೋರ್ ಎಂಬ ಖ್ಯಾತ ಆಟಗಾರನು ಟೊರಾಂಟೊ ತಂಡದ ಏಸ್ ಬೈಲಿಗೆ ಹಿಂದಿನಿಂದ ಡಿಕ್ಕಿ ಹೊಡೆದನು. ಬೈಲಿಯ ತಲೆ ಮಂಜುಗಡ್ಡೆಗೆ ಬಡಿದು ಬುರುಡೆ ಬಿರಿಯಿತು. ಬೈಲಿಯ ಜೊತೆಗಾರನೊಬ್ಬನು ಆ ಕ್ಷಣವೇ ಶೋರನನ್ನು ಗುದ್ದಿ ಕೆಡವಿದನು. ಶಸ್ತ್ರಚಿಕಿತ್ಸೆಗಳಿಂದ ಬೈಲಿ ಬದುಕಿ ಉಳಿದನಾದರೂ ಮತ್ತೆಂದೂ ಆಡಲಿಲ್ಲ. ಲೀಗ್ ಶೋರನನ್ನು 16 ಪಂದ್ಯಗಳಿಗೆ ಹೊರಗಿಟ್ಟಿತು. ಆ ಸಾಲಿನ 48 ಪಂದ್ಯಗಳಲ್ಲಿ ಇದು ಮೂರನೆಯ ಒಂದು ಪಾಲು. 1934ರ ಫೆಬ್ರವರಿ 14ರಂದು ಬೈಲಿಯ ಸಹಾಯಾರ್ಥವಾಗಿ ಟೊರಾಂಟೊದಲ್ಲಿ ನಡೆದ ಪಂದ್ಯಕ್ಕೆ ಶೋರನೂ ಬಂದನು. ಬೈಲಿ ಮುಂದೆ ಬಂದು ಅವನ ಕೈ ಕುಲುಕಿದನು. ದಂಡನೆಯೂ ಕ್ಷಮೆಯೂ ಒಟ್ಟಿಗೆ ಕಂಡ ಇಂಥ ಪ್ರಸಂಗ ಈ ಆಟದ ಇತಿಹಾಸದಲ್ಲಿ ವಿರಳ.

ಲೀಗಿನ ದಂಡಾಧಿಕಾರವು ಅಂಗಳದಿಂದಾಚೆಗೆ ಒಂದು ಜನಾಂಗದ ಭಾವನೆಗೇ ತಾಕಿದ ಪ್ರಸಂಗವೆಂದರೆ 1955ರದು. ಮಾಂಟ್ರಿಯಲ್ ತಂಡದ ಮಾರಿಸ್ ರಿಷಾರ್ ಆ ಕಾಲದ ಅಪ್ರತಿಮ ಆಟಗಾರ. ಫ್ರೆಂಚ್ ಮಾತನಾಡುವ ಕೆನಡಿಯನರ ಕಣ್ಮಣಿ. ಆ ನಗರದ ವ್ಯಾಪಾರ, ಅಧಿಕಾರಗಳೆಲ್ಲ ಬಹುತೇಕ ಇಂಗ್ಲಿಷ್ ಭಾಷಿಕರ ಕೈಯಲ್ಲಿದ್ದ ದಿನಗಳವು. ಮಾರ್ಚ್ 13ರಂದು ಬಾಸ್ಟನ್‌ನಲ್ಲಿ ಎದುರಾಳಿಯ ಕೋಲು ತಗುಲಿ ರಿಷಾರನ ತಲೆಯಿಂದ ರಕ್ತ ಹರಿಯಿತು. ಕ್ರುದ್ಧನಾದ ಅವನು ಆ ಎದುರಾಳಿಯನ್ನು ಕೋಲಿನಿಂದ ಹೊಡೆದನು. ತಡೆಯಬಂದ ಕ್ಲಿಫ್ ಥಾಮ್ಸನ್ ಎಂಬ ರೇಖಾ ತೀರ್ಪುಗಾರನ ಮುಖಕ್ಕೂ ಗುದ್ದಿದನು. ಅದೇ ಸಾಲಿನಲ್ಲಿ ಹಿಂದೊಮ್ಮೆ ಇಂಥದೇ ತಪ್ಪಿಗೆ ಅವನು ಹಣದ ದಂಡ ತೆತ್ತಿದ್ದನು.

ಆಗ ಲೀಗಿನ ಅಧ್ಯಕ್ಷನಾಗಿದ್ದವನು ಕ್ಲಾರೆನ್ಸ್ ಕ್ಯಾಂಬೆಲ್. ಎರಡನೆಯ ಮಹಾಯುದ್ಧಾನಂತರ ಯುದ್ಧಾಪರಾಧಗಳ ವಿಚಾರಣೆಯಲ್ಲಿ ಕೆನಡದ ಪರವಾಗಿ ದುಡಿದಿದ್ದ ವಕೀಲ. ಮಾರ್ಚ್ 16ರಂದು ಅವನು ವಿಚಾರಣೆ ನಡೆಸಿ ರಿಷಾರನನ್ನು ಉಳಿದ ಮೂರು ಪಂದ್ಯಗಳಿಂದಲೂ, ಅನಂತರದ ಪ್ರಶಸ್ತಿಯ ಪಂದ್ಯಗಳೆಲ್ಲದರಿಂದಲೂ ಹೊರಗಿಟ್ಟನು. ತೀರ್ಪುಗಾರನ ಮೇಲೆ ಕೈಮಾಡಿದವನನ್ನು ಕ್ಷಮಿಸಿದರೆ ಆಟವೇ ಉಳಿಯದೆಂಬ ದೃಷ್ಟಿಯಿಂದ ಈ ತೀರ್ಪು ಸಮರ್ಥನೀಯ. ಆದರೆ ಫ್ರೆಂಚ್ ಭಾಷಿಕ ಜನಕ್ಕೆ ಕಂಡುದು ಬೇರೆ: ತಮ್ಮವನನ್ನು ಇಂಗ್ಲಿಷ್ ಭಾಷೆಯ ಅಧಿಕಾರಿಯೊಬ್ಬನು ತುಳಿದನು ಎಂದು. ಮರುದಿನ ಸಂಜೆ ಕ್ಯಾಂಬೆಲ್ ಹಟದಿಂದಲೋ ಕರ್ತವ್ಯನಿಷ್ಠೆಯಿಂದಲೋ ಮಾಂಟ್ರಿಯಲ್‌ನ ಕ್ರೀಡಾಂಗಣಕ್ಕೆ ಬಂದು ತನ್ನ ಎಂದಿನ ಸ್ಥಾನದಲ್ಲಿ ಕುಳಿತನು. ಮೊಟ್ಟೆ, ಟೊಮೇಟೊಗಳು ಅವನ ಮೇಲೆ ಬಿದ್ದುವು. ಅಶ್ರುವಾಯುವಿನ ಬಾಂಬೊಂದು ಸಿಡಿಯಿತು. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಿ ಗೆಲವನ್ನು ಡೆಟ್ರಾಯಿಟ್ ತಂಡಕ್ಕೆ ಕೊಟ್ಟರು. ಜನಸಮೂಹ ಹೊರಗೆ ನುಗ್ಗಿ ಸೇಂಟ್ ಕ್ಯಾಥರಿನ್ ಬೀದಿಯ ಅಂಗಡಿಗಳ ಗಾಜುಗಳನ್ನು ಪುಡಿಮಾಡಿತು. ಮರುದಿನ ರಿಷಾರನೇ ರೇಡಿಯೋದಲ್ಲಿ ಮಾತನಾಡಿ, ಶಿಕ್ಷೆಯನ್ನು ತಾನು ಅನುಭವಿಸುವೆನೆಂದೂ ಜನರು ಶಾಂತರಾಗಿರಬೇಕೆಂದೂ ಕೇಳಿಕೊಂಡನು. ಗಲಭೆ ನಿಂತಿತು. ಮುಂದೆ 1960ರ ದಶಕದಲ್ಲಿ ಕ್ವಿಬೆಕ್ ಪ್ರಾಂತದಲ್ಲಿ ಉಂಟಾದ ಜಾಗೃತಿಯ ಮುನ್ಸೂಚನೆಯನ್ನು ಈ ಗಲಭೆಯಲ್ಲಿ ಕಂಡ ಇತಿಹಾಸಕಾರರಿದ್ದಾರೆ. ತೀರ್ಪು ನ್ಯಾಯವಾಗಿದ್ದರೆ ಸಾಲದು, ನ್ಯಾಯವೆಂದು ತೋರಲೂ ಬೇಕು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಕ್ರೀಡಾಲೋಕದಲ್ಲಿ ದೊರೆಯುವುದು ಕಷ್ಟ.

ನಾಡಿನ ನ್ಯಾಯಾಲಯಗಳು ಬಹು ಕಾಲ ಅಂಗಳದೊಳಕ್ಕೆ ಕಾಲಿಡಲು ಹಿಂಜರಿದುವು. ಆಡಲು ಇಳಿದವನು ಪೆಟ್ಟು ತಿನ್ನಲು ಒಪ್ಪಿಯೇ ಇಳಿದಿದ್ದಾನೆಂಬುದು ಅದಕ್ಕೆ ಕಾರಣ. ಆದರೆ ಎಷ್ಟು ಪೆಟ್ಟಿಗೆ ಒಪ್ಪಿದ್ದಾನೆ? 1969ರಲ್ಲಿ ಆಟ್ಟಾವ ನಗರದ ಪಂದ್ಯವೊಂದರಲ್ಲಿ ವೇಯ್ನ್ ಮಾಕಿಯ ಕೋಲಿನ ಏಟಿಗೆ ಟೆಡ್ ಗ್ರೀನನ ಬುರುಡೆ ಒಡೆಯಿತು. ಇಬ್ಬರ ಮೇಲೂ ಮೊಕದ್ದಮೆ ನಡೆದು ಇಬ್ಬರೂ ಬಿಡುಗಡೆ ಹೊಂದಿದರು. 1975ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವ್ ಫೋರ್ಬ್ಸ್ ಎಂಬವನು ಹೆನ್ರಿ ಬೂಷೆಯ ಕಣ್ಣಿಗೆ ಗಾಯಮಾಡಿದಾಗ, ಜ್ಯೂರಿಯಲ್ಲಿ ಒಮ್ಮತ ಮೂಡದೆ ಮೊಕದ್ದಮೆ ಬಿದ್ದುಹೋಯಿತು. ಟೊರಾಂಟೊದಲ್ಲಿ ಎದುರಾಳಿಯ ತಲೆಗೆ ಕೋಲಿನಿಂದ ಹೊಡೆದ ಡೀನೊ ಸಿಸರೆಲ್ಲಿಗೆ ಮಾತ್ರ 1988ರಲ್ಲಿ ಒಂದು ದಿನದ ಸೆರೆಮನೆಯೂ ಸಾವಿರ ಡಾಲರ್ ದಂಡವೂ ಪ್ರಾಪ್ತವಾದುವು. 2000ದ ಫೆಬ್ರವರಿ 21ರಂದು, ಪಂದ್ಯ ಮುಗಿಯಲು ಮೂರೇ ಸೆಕೆಂಡು ಉಳಿದಿರುವಾಗ ಮಾರ್ಟಿ ಮಕ್‌ಸೋರ್ಲಿ ಹಿಂದಿನಿಂದ ಬಂದು ಡೊನಾಲ್ಡ್ ಬ್ರಶೇರನ ತಲೆಗೆ ಕೋಲು ಬೀಸಿದನು. ವ್ಯಾಂಕೂವರಿನ ನ್ಯಾಯಾಲಯವು ಅವನನ್ನು ಅಪರಾಧಿಯೆಂದು ಸಾರಿತಾದರೂ ಸೆರೆವಾಸ ವಿಧಿಸದೆ ಷರತ್ತಿನ ಮೇಲೆ ಬಿಟ್ಟಿತು. ಲೀಗ್ ಅವನನ್ನು ಒಂದು ವರ್ಷ ಹೊರಗಿಟ್ಟಿತು. ಆ ಲೀಗಿನಲ್ಲಿ ಅವನು ಮತ್ತೆ ಆಡಲಿಲ್ಲ.

ಇಲ್ಲಿಯೇ ಹೇಳಬೇಕಾದ ಮಾತೊಂದಿದೆ. 1974ರಲ್ಲಿ ಆಂಟೇರಿಯೊ ಪ್ರಾಂತದ ಸರ್ಕಾರದ ಪರವಾಗಿ ವಿಲಿಯಂ ಮಕ್‌ಮರ್ಟ್ರಿ ಎಂಬ ವಕೀಲನು ಹವ್ಯಾಸಿ ಹಾಕಿಯಲ್ಲಿನ ಹಿಂಸೆಯನ್ನು ಕುರಿತು ವಿಚಾರಣೆ ನಡೆಸಿದನು. ಹುಡುಗರ ಪಂದ್ಯಗಳಲ್ಲಿ ಬಡಿದಾಟ ಹೆಚ್ಚಲು ವೃತ್ತಿಪರ ಲೀಗಿನ ಮಾದರಿಯೇ ಮುಖ್ಯ ಕಾರಣವೆಂದು ಅವನ ವರದಿ ಹೇಳಿತು. ಮರುವರ್ಷ ಅವನ ಸೋದರ ರಾಯ್ ಮಕ್‌ಮರ್ಟ್ರಿ ಆ ಪ್ರಾಂತದ ಅಟಾರ್ನಿ ಜನರಲ್ ಆಗಿ ಹಲವು ವೃತ್ತಿಪರ ಆಟಗಾರರ ಮೇಲೆ ಮೊಕದ್ದಮೆ ಹೂಡಿಸಿದನು. ಹಿರಿಯರ ಅಂಗಳದಲ್ಲಿ ಐದು ನಿಮಿಷಕ್ಕೆ ಸಿಕ್ಕುವ ಸರಕನ್ನು ಕಿರಿಯರು ದೂರದರ್ಶನದ ಮುಂದೆ ಕುಳಿತು ಕಲಿಯುತ್ತಿದ್ದರು. ಶಾಲೆಗಳನ್ನು ನಡೆಸುವವರಿಗೆ ಈ ವರದಿಯ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಂಡಿಸಬೇಕಾದವರು ದಂಡಿಸದೆ ಬಿಟ್ಟರೆ ಏನಾಗುತ್ತದೆಂಬುದನ್ನು 2004ರ ಘಟನೆ ಹಂತಹಂತವಾಗಿ ತೋರಿಸುತ್ತದೆ. ಫೆಬ್ರವರಿ 16ರಂದು ಕೊಲರಾಡೊ ತಂಡದ ಸ್ಟೀವ್ ಮೂರ್ ಎಂಬ ಹೊಸ ಆಟಗಾರನು ವ್ಯಾಂಕೂವರ್ ತಂಡದ ನಾಯಕ ಮಾರ್ಕಸ್ ನಾಸ್ಲುಂಡನಿಗೆ ಡಿಕ್ಕಿ ಹೊಡೆದನು. ನಾಸ್ಲುಂಡನ ತಲೆಗೆ ಪೆಟ್ಟಾಗಿ ಅವನು ಮೂರು ಪಂದ್ಯಗಳನ್ನು ಆಡಲಾಗಲಿಲ್ಲ. ತೀರ್ಪುಗಾರರು ಅಂಗಳದಲ್ಲಿ ದಂಡನೆ ಕೊಡಲಿಲ್ಲ. ಲೀಗಿನ ಕಚೇರಿಯೂ ಪರಿಶೀಲಿಸಿ, ದಂಡನೆಗೆ ಕಾರಣವಿಲ್ಲವೆಂದಿತು. ಆ ನಿರ್ಣಯವು ನಿಯಮದ ಪ್ರಕಾರ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ವ್ಯಾಂಕೂವರ್ ತಂಡದವರಿಗೆ ನ್ಯಾಯ ದೊರೆಯಲಿಲ್ಲವೆನಿಸಿತು. ಅವರಲ್ಲಿ ಕೆಲವರು ಪ್ರತೀಕಾರದ ಮಾತನ್ನು ಪತ್ರಕರ್ತರ ಮುಂದೆಯೇ ಆಡಿದರು.

ಮಾರ್ಚ್ 8ರಂದು ವ್ಯಾಂಕೂವರಿನಲ್ಲಿ ಎರಡು ತಂಡಗಳೂ ಎದುರಾದುವು. ಮೊದಲ ಅವಧಿಯಲ್ಲೇ ವ್ಯಾಂಕೂವರಿನ ಮ್ಯಾಟ್ ಕುಕ್ ಮೂರನನ್ನು ಕಾದಾಟಕ್ಕೆ ಕರೆದನು. ಮೂರ್ ಒಪ್ಪಿ ಹೊಡೆದಾಡಿದನು. ಇಬ್ಬರೂ ಐದೈದು ನಿಮಿಷ ಕಟಕಟೆಯಲ್ಲಿ ಕುಳಿತು ಬಂದರು. ಆ ಬರೆಯದ ಕಾನೂನಿನ ಪ್ರಕಾರ ಲೆಕ್ಕ ಅಲ್ಲಿಗೆ ಚುಕ್ತವಾಗಬೇಕಾಗಿತ್ತು. ಆಗಲಿಲ್ಲ. ಮೂರನೆಯ ಅವಧಿಯಲ್ಲಿ ಕೊಲರಾಡೊ ಬಹಳ ಮುಂದಿದ್ದಾಗ ಟಾಡ್ ಬರ್ಟುಜಿ ಎಂಬ ದೈತ್ಯ ಶರೀರದ ಆಟಗಾರನು ಮೂರನ ಬೆನ್ನು ಹತ್ತಿದನು. ಅಂಗಿ ಹಿಡಿದೆಳೆದು ಕೆಣಕಿದನು. ಮೂರ್ ತಿರುಗಿ ನಿಲ್ಲದಿದ್ದಾಗ ಹಿಂದಿನಿಂದ ಅವನ ತಲೆಗೆ ಗುದ್ದಿ, ಮಂಜುಗಡ್ಡೆಗೆ ಮುಖವೊತ್ತುವಂತೆ ಮೇಲೆ ಬಿದ್ದನು. ಇನ್ನೂ ಕೆಲವರು ಅದರ ಮೇಲೆ ಉರುಳಿದರು. ಮೂರನ ಕುತ್ತಿಗೆಯ ಮೂರು ಎಲುಬುಗಳು ಮುರಿದಿದ್ದುವು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದಿದ್ದ ಆ ತರುಣನಿಗೆ ಆಗ 25 ವರ್ಷ. ಅವನು ಮತ್ತೆ ಆಡಲಿಲ್ಲ.

ಬರ್ಟುಜಿಯನ್ನು ಆ ಸಾಲಿನ ಉಳಿದ ಎಲ್ಲ ಪಂದ್ಯಗಳಿಂದ ಹೊರಗಿಡಲಾಯಿತು. ವ್ಯಾಂಕೂವರ್ ತಂಡಕ್ಕೆ 2,50,000 ಡಾಲರ್ ದಂಡ ಬಿದ್ದಿತು. 2004ರ ಡಿಸೆಂಬರ್‌ನಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು. ಒಂದು ವರ್ಷದ ಸನ್ನಡತೆಯ ಷರತ್ತು ಮತ್ತು 80 ಗಂಟೆಗಳ ಸಮಾಜಸೇವೆಯೊಡನೆ ಬಿಡುಗಡೆಯಾಯಿತು. ಮಾಲೀಕರಿಗೂ ಆಟಗಾರರಿಗೂ ವ್ಯಾಜ್ಯವುಂಟಾಗಿ ಮುಂದಿನ ಸಾಲಿನ ಪಂದ್ಯಗಳೇ ನಡೆಯಲಿಲ್ಲ. 2005ರ ಆಗಸ್ಟ್‌ನಲ್ಲಿ ನಿಷೇಧ ತೆರವಾಗಿ, 2006ರ ಒಲಿಂಪಿಕ್ಸ್‌ನಲ್ಲಿ ಅವನು ಕೆನಡದ ಪರ ಆಡಿದನು. ಮೂರ್ ಹೂಡಿದ ಪರಿಹಾರದ ದಾವೆ ಮಾತ್ರ ವರ್ಷಗಟ್ಟಲೆ ಎಳೆದು, 2014ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ದಾಂಡಿಗನ ಭಯವು ಆಟಗಾರರನ್ನು ಕಾಯುತ್ತದೆಂಬ ವಾದಕ್ಕೆ ಈ ಪ್ರಸಂಗದ ಮುಂದೆ ನಿಲ್ಲುವುದು ಕಷ್ಟ. ಸೇಡಿಗೆ ಅಳತೆಗೋಲಿಲ್ಲ. ಎಷ್ಟು ಗುದ್ದಿದರೆ ಒಂದು ಡಿಕ್ಕಿಗೆ ಸಮವೆಂದು ಹೇಳುವವರು ಯಾರು?

2010ರ ಮಾರ್ಚ್ 7ರಂದು ಇನ್ನೊಂದು ಕೊರತೆ ಬೆಳಕಿಗೆ ಬಂದಿತು. ಬಾಸ್ಟನ್ ತಂಡದ ಮಾರ್ಕ್ ಸವಾರ್ಡನ ತಲೆಗೆ, ಈಗ ಪಿಟ್ಸ್‌ಬರ್ಗ್ ತಂಡದಲ್ಲಿದ್ದ ಅದೇ ಮ್ಯಾಟ್ ಕುಕ್, ಅವನು ನೋಡದಿರುವ ಪಕ್ಕದಿಂದ ಬಂದು ಹೊಡೆದನು. ಸವಾರ್ಡನ ಆಟದ ಬದುಕು ಮರುವರ್ಷವೇ ಮುಗಿಯಿತು. ಕುಕ್‌ಗೆ ಯಾವ ಶಿಕ್ಷೆಯೂ ಆಗಲಿಲ್ಲ. ಏಕೆಂದರೆ ಅಂಥ ಹೊಡೆತವನ್ನು ತಪ್ಪೆನ್ನುವ ನಿಯಮವೇ ಆಗ ಇರಲಿಲ್ಲ. ಎರಡೂ ತಂಡಗಳು ಮತ್ತೆ ಎದುರಾದಾಗ ಬಾಸ್ಟನ್‌ನ ದಾಂಡಿಗನು ಕುಕ್‌ನೊಡನೆ ಕಾದಾಡಿದನು, ಎಂದಿನಂತೆ. ಆದರೆ ಈ ಸಲ ಲೀಗ್ ಸುಮ್ಮನಿರಲಿಲ್ಲ. ಅದೇ ತಿಂಗಳಲ್ಲಿ, ತಲೆಯನ್ನೇ ಗುರಿಯಾಗಿಸಿ ಪಕ್ಕದಿಂದ ಹೊಡೆಯುವುದನ್ನು ನಿಷೇಧಿಸಿತು. 2011ರಲ್ಲಿ ಆ ನಿಯಮವನ್ನು ಇನ್ನಷ್ಟು ವಿಸ್ತರಿಸಿತು.

2011ರಲ್ಲಿಯೇ ಆಟಗಾರರ ಸುರಕ್ಷತೆಗೆಂದು ಪ್ರತ್ಯೇಕ ಇಲಾಖೆಯೊಂದು ಹುಟ್ಟಿತು. ಅದರ ಮೊದಲ ಮುಖ್ಯಸ್ಥ ಬ್ರೆಂಡನ್ ಶಾನಹನ್ ಸ್ವತಃ ಹೆಸರಾಂತ ಆಟಗಾರ. ಅವನು ತಂದ ಒಂದು ಪದ್ಧತಿ ನಿಜಕ್ಕೂ ಶ್ಲಾಘ್ಯ: ಪ್ರತಿಯೊಂದು ನಿಷೇಧದೊಡನೆ, ಕೃತ್ಯದ ಚಿತ್ರವನ್ನು ನಿಧಾನಗತಿಯಲ್ಲಿ ತೋರಿಸಿ, ಯಾವ ನಿಯಮ ಮುರಿಯಿತು, ತಪ್ಪಿಸಿಕೊಳ್ಳಲು ಅವಕಾಶವಿತ್ತೆ, ಗಾಯವಾಯಿತೆ, ಆ ಆಟಗಾರನು ಹಿಂದೆ ತಪ್ಪು ಮಾಡಿದ್ದನೆ ಎಂಬುದನ್ನೆಲ್ಲ ಸಾರ್ವಜನಿಕರಿಗೆ ವಿವರಿಸುವುದು. ಮುಚ್ಚಿದ ಕೋಣೆಯ ತೀರ್ಪು ಬಯಲಿಗೆ ಬಂದಿತು. ಐದಕ್ಕಿಂತ ಹೆಚ್ಚು ಪಂದ್ಯಗಳ ನಿಷೇಧ ವಿಧಿಸಬೇಕಾದರೆ ಆಟಗಾರನನ್ನು ಮುಖಾಮುಖಿ ವಿಚಾರಣೆಗೆ ಕರೆಯಬೇಕೆಂದೂ ನಿಯಮವುಂಟು. ಪದೇಪದೇ ತಪ್ಪು ಮಾಡುವವನಿಗೆ ಶಿಕ್ಷೆ ಏರುತ್ತ ಹೋಗುತ್ತದೆ. ರಾಫಿ ಟಾರೆಸ್ ಎಂಬವನಿಗೆ 2015ರಲ್ಲಿ 41 ಪಂದ್ಯಗಳು, ಎಂದರೆ ಸಾಲಿನ ಸರಿಯಾದ ಅರ್ಧ.

ಆದರೂ ಟೀಕೆ ನಿಂತಿಲ್ಲ. ಮಾಡಿದ ಕೃತ್ಯಕ್ಕೆ ಶಿಕ್ಷೆಯೋ, ಆದ ಗಾಯಕ್ಕೆ ಶಿಕ್ಷೆಯೋ ಎಂಬುದು ಹಳೆಯ ತೊಡಕು. ಒಂದೇ ಬಗೆಯ ಹೊಡೆತದಿಂದ ಒಬ್ಬನು ಎದ್ದು ನಿಂತರೆ ಕಡಮೆ ಶಿಕ್ಷೆ, ಮತ್ತೊಬ್ಬನನ್ನು ಹೊತ್ತೊಯ್ಯಬೇಕಾದರೆ ಹೆಚ್ಚು ಶಿಕ್ಷೆ ಎನ್ನುವುದು ಅದೃಷ್ಟಕ್ಕೆ ನ್ಯಾಯದಂಡವನ್ನು ಒಪ್ಪಿಸಿದಂತೆ. ಮೇಲ್ಮನವಿಯ ಅವಸ್ಥೆಯೂ ವಿಚಿತ್ರ. 2016ರಲ್ಲಿ ಡೆನಿಸ್ ವೈಡ್‌ಮನ್ ರೇಖಾ ತೀರ್ಪುಗಾರನೊಬ್ಬನನ್ನು ಕೆಡವಿದುದಕ್ಕೆ 20 ಪಂದ್ಯಗಳ ನಿಷೇಧಕ್ಕೆ ಗುರಿಯಾದನು. ಸ್ವತಂತ್ರ ಮಧ್ಯಸ್ಥನು ಅದನ್ನು ಹತ್ತಕ್ಕೆ ಇಳಿಸಿದನು. ಅಷ್ಟರಲ್ಲಿ ವೈಡ್‌ಮನ್ 19 ಪಂದ್ಯಗಳನ್ನು ಕಳೆದುಕೊಂಡಾಗಿತ್ತು. ಹೋದ ಸಂಬಳ ಬಂದೀತು, ಹೋದ ಪಂದ್ಯ ಬಾರದು.

ದಾಂಡಿಗರ ಗತಿಯೇನಾಯಿತು ಎಂಬುದನ್ನೂ ನೋಡಬೇಕು. 2011ರ ಮೇ ತಿಂಗಳಲ್ಲಿ ಅವರಲ್ಲಿ ಅತ್ಯಂತ ಭಯಂಕರನೆನಿಸಿದ್ದ ಡೆರೆಕ್ ಬೂಗಾರ್ಡ್ ತನ್ನ 28ನೆಯ ವಯಸ್ಸಿನಲ್ಲಿ, ನೋವುನಿವಾರಕ ಗುಳಿಗೆ ಮತ್ತು ಮದ್ಯದ ಮಿಶ್ರಣದಿಂದ ಸತ್ತನು. ಬಾಸ್ಟನ್ ವಿಶ್ವವಿದ್ಯಾನಿಲಯದ ವೈದ್ಯರು ಅವನ ಮೆದುಳನ್ನು ಪರೀಕ್ಷಿಸಿ, ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಹುಟ್ಟುವ ಮೆದುಳಿನ ಕ್ಷಯವನ್ನು ಕಂಡರು. ಐದು ನಿಮಿಷದ ಬೆಲೆ ಕಟ್ಟಿದ್ದ ಸರಕಿನ ನಿಜವಾದ ಬೆಲೆ ಅದಾಗಿತ್ತು. ಕಾದಾಟಗಳು ಈಗ ಹಿಂದಿಗಿಂತ ಬಹಳ ಕಡಮೆಯಾಗಿವೆ. 2023ರಲ್ಲಿ ಕ್ವಿಬೆಕ್‌ನ ಕಿರಿಯರ ಲೀಗ್, ಕಾದಾಡಿದವನನ್ನು ಆ ಪಂದ್ಯದಿಂದಲೇ ಹೊರಹಾಕುವ ನಿಯಮ ಮಾಡಿತು. ಹಿರಿಯರ ಲೀಗ್ ಅಷ್ಟು ದೂರ ಹೋಗಿಲ್ಲ.

2017ರಲ್ಲಿ ಸುರಕ್ಷತಾ ಇಲಾಖೆಯ ಮುಖ್ಯಸ್ಥನಾಗಿ ಜಾರ್ಜ್ ಪ್ಯಾರೋಸ್ ಬಂದನು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಪದವೀಧರನಾದ ಅವನೂ ಹಿಂದೆ ದಾಂಡಿಗನಾಗಿ ಆಡಿದವನೇ. 2021ರ ಮೇ 3ರಂದು ವಾಷಿಂಗ್‌ಟನ್ ತಂಡದ ಟಾಮ್ ವಿಲ್ಸನ್, ನ್ಯೂಯಾರ್ಕ್ ರೇಂಜರ್ಸ್ ತಂಡದವನೊಬ್ಬನು ಮಂಜುಗಡ್ಡೆಯ ಮೇಲೆ ಮುಖವಡಿಯಾಗಿ ಬಿದ್ದಿರುವಾಗ ಅವನನ್ನು ಗುದ್ದಿದನು. ಆ ತಂಡದ ಮುಖ್ಯ ಆಟಗಾರ ಆರ್ಟೆಮಿ ಪನಾರಿನ್‌ನನ್ನು ಶಿರಸ್ತ್ರಾಣವಿಲ್ಲದಿರುವಾಗ ನೆಲಕ್ಕೆ ಎಸೆದನು. ಪನಾರಿನ್ ಆ ಸಾಲಿನ ಉಳಿದ ಪಂದ್ಯಗಳನ್ನು ಆಡಲಿಲ್ಲ. ವಿಲ್ಸನ್ ಹಿಂದೆ ಹಲವು ಬಾರಿ ನಿಷೇಧಕ್ಕೊಳಗಾಗಿದ್ದವನು. ಮರುದಿನ ಇಲಾಖೆ ಅವನಿಗೆ ವಿಧಿಸಿದುದು 5,000 ಡಾಲರ್ ದಂಡ ಮಾತ್ರ. ಒಂದು ಪಂದ್ಯದ ನಿಷೇಧವೂ ಇಲ್ಲ. ರೇಂಜರ್ಸ್ ತಂಡದ ಆಡಳಿತವು, ಪ್ಯಾರೋಸ್ ಆ ಹುದ್ದೆಗೆ ಅನರ್ಹನೆಂದು ಬಹಿರಂಗ ಹೇಳಿಕೆ ಹೊರಡಿಸಿತು.

ಮೇ 5ರಂದು ಅವೇ ಎರಡು ತಂಡಗಳು ಮತ್ತೆ ನ್ಯೂಯಾರ್ಕಿನ ಅಂಗಳಕ್ಕೆ ಇಳಿದುವು. ತೀರ್ಪುಗಾರನು ಪಕ್ಕನ್ನು ಕೆಳಕ್ಕೆ ಬಿಟ್ಟ ಕೂಡಲೇ, ಯಾರೂ ಅದರ ಕಡೆ ನೋಡಲಿಲ್ಲ. ಮೂರು ಜೋಡಿಗಳು ಕೈಗವಸು ಕಳಚಿ ಕಾದಾಟಕ್ಕೆ ತೊಡಗಿದುವು. ಮೊದಲ ಐದು ನಿಮಿಷಗಳಲ್ಲಿ ಆರು ಕಾದಾಟಗಳು ನಡೆದುವು. ಕಟಕಟೆಗಳು ತುಂಬಿಹೋದುವು. ಮರುದಿನ, ಮೇ 6ರಂದು, ಲೀಗಿನ ಕಮಿಷನರ್ ಗ್ಯಾರಿ ಬೆಟ್‌ಮನ್, ಇಲಾಖೆಯ ಮುಖ್ಯಸ್ಥನನ್ನು ಹೀಗಳೆದುದಕ್ಕಾಗಿ ರೇಂಜರ್ಸ್ ತಂಡಕ್ಕೆ 2,50,000 ಡಾಲರ್ ದಂಡ ವಿಧಿಸಿದನು. ಬಿದ್ದವನನ್ನು ಗುದ್ದಿದವನು ತೆತ್ತುದರ ಐವತ್ತು ಪಟ್ಟು ಹಣ ಅದು.